ಜನವರಿಯಲ್ಲಿ ಬಾಯಿ ಬಿಡುವ ನೆಲ

ಶನಿವಾರ, 18 ಜನವರಿ 2025
ಕೊಲಂಬಸ್, ಇಂಡಿಯಾನಾ

ಜನವರಿ ಬಂತೆಂದರೆ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಹೈಸ್ಕೂಲ್ ಜಿಮ್‌ಗಳ ನೆಲ ಬಾಯಿ ಬಿಡುತ್ತದೆ. ಹೊರಗೆ ಹಿಮ, ಒಳಗೆ ಹಗಲೂ ರಾತ್ರಿ ಹೀಟರ್. ಗಾಳಿ ಒಣಗಿ ನೆಲಕ್ಕೆ ಹಾಸಿದ ಮೇಪಲ್ ಮರದ ಪಟ್ಟಿಗಳು ಕುಗ್ಗುತ್ತವೆ, ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಕಾಣುತ್ತದೆ. ಮೊದಲ ಸಲ ನೋಡಿದವರು ನೆಲ ಹಾಳಾಯಿತು ಅಂದುಕೊಳ್ಳುತ್ತಾರೆ. ಹಾಳಾಗಿಲ್ಲ. ಮಲೆನಾಡಿನ ಮನೆಯ ಬಾಗಿಲು ಆಷಾಢದಲ್ಲಿ ಬಿಗಿದುಕೊಂಡು ಶಿವರಾತ್ರಿ ಹೊತ್ತಿಗೆ ಸಲೀಸಾಗುತ್ತದಲ್ಲ, ಅದೇ ಲೆಕ್ಕ. ಜುಲೈ ಸೆಕೆಗೆ ಇದೇ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಈಗ ಪುಟ್ಟಿ ತುಂಬಿದರೆ ಮಾತ್ರ ಕೆಟ್ಟಿತು: ಬೇಸಿಗೆಯಲ್ಲಿ ಹಿಗ್ಗಲು ಜಾಗ ಸಿಗದೆ ಪಟ್ಟಿಗಳ ಅಂಚು ಮೇಲೇಳುತ್ತದೆ.

ಪಟ್ಟಿ ಸುಮಾರು 20 ಮಿಲಿಮೀಟರ್ ದಪ್ಪ, ಸಾಮಾನ್ಯವಾಗಿ 57 ಮಿಲಿಮೀಟರ್ ಅಗಲ. ಒಂದರ ಅಂಚಿನ ನಾಲಿಗೆ ಪಕ್ಕದ್ದರ ಕಚ್ಚಿನೊಳಗೆ ಕೂರುತ್ತದೆ. ಒಳಗಿನ ಗಾಳಿಯ ತೇವಾಂಶ ವರ್ಷವಿಡೀ ಶೇಕಡಾ 35ರಿಂದ 50ರೊಳಗೆ ಇದ್ದರೆ ಈ ಮರ ದಶಕಗಟ್ಟಲೆ ತಕರಾರಿಲ್ಲದೆ ಬಾಳುತ್ತದೆ. ತೇವಾಂಶ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರಿಳಿಯಿತು ಎನ್ನುವುದೇ ಹೆಚ್ಚು ಹಾನಿ. ಕ್ರಿಸ್‌ಮಸ್ ರಜೆಯಲ್ಲಿ ಹಣ ಉಳಿಸಲು ಹೀಟರ್ ಆರಿಸಿ, ಶಾಲೆ ತೆರೆಯುವ ಹಿಂದಿನ ದಿನ ಒಮ್ಮೆಲೇ ಜೋರಾಗಿ ಹಚ್ಚುವವರಿಗೆ ಈ ಮಾತು ಎಷ್ಟು ಹೇಳಿದರೂ ಸಾಲದು.

ಗೋಡೆಯ ಬುಡದಲ್ಲಿ ನಾಲ್ಕೂ ಕಡೆ ಒಂದೂವರೆ ಎರಡು ಇಂಚು ಖಾಲಿ ಬಿಟ್ಟು ಮೇಲೆ ಕಪ್ಪು ರಬ್ಬರ್ ಅಂಚುಪಟ್ಟಿ ಅಂಟಿಸಿರುತ್ತಾರೆ. ಅದರ ಹಿಂಬದಿಯಲ್ಲಿ ಉದ್ದುದ್ದ ಗೀರುಗಳಿರುತ್ತವೆ. ನೆಲದಡಿಯ ತೇವ ಹೊರಬರುವುದೇ ಆ ಗೀರುಗಳಿಂದ. ಗೋಡೆಗೆ ಬಣ್ಣ ಹೊಡೆಯುವವರು ಅಂದವಾಗಿ ಕಾಣಲೆಂದು ಅಂಚುಪಟ್ಟಿಯ ಮೇಲ್ತುದಿಗೂ ಸೀಲೆಂಟ್ ಎಳೆದುಬಿಡುತ್ತಾರೆ. ಎರಡು ಬೇಸಿಗೆ ಕಳೆಯುವುದರೊಳಗೆ ಆ ಗೋಡೆಯ ಪಕ್ಕದ ಪಟ್ಟಿಗಳು ದೋಣಿಯ ಹಾಗೆ ಬಾಗಿ, ನಡು ತಗ್ಗಿ ಅಂಚು ಎದ್ದಿರುತ್ತವೆ. ಆಗ ಎಲ್ಲರೂ ಚಾವಣಿ ಸೋರುತ್ತಿದೆಯೇ ಎಂದು ಮೇಲೆ ನೋಡುತ್ತಾರೆ.

ಮರದ ಕೆಳಗೆ ಪ್ಲೈವುಡ್ಡು, ಅದರ ಕೆಳಗೆ ರಬ್ಬರ್ ಗುಂಡಿಗಳು, ಆಮೇಲೆ ತೇವ ತಡೆಯುವ ಪಾಲಿಥಿನ್ ಹಾಳೆ, ತಳದಲ್ಲಿ ಕಾಂಕ್ರೀಟು. ಎಲ್ಲೋ ಒಂದು ಗುಂಡಿ ಜರುಗಿದರೆ ಅಥವಾ ಕಾಂಕ್ರೀಟು ತುಸು ತಗ್ಗಾಗಿದ್ದರೆ ಅಲ್ಲಿ ಚೆಂಡು ಏಳುವುದಿಲ್ಲ, ಡ್ರಿಬಲ್ ಸತ್ತುಹೋಗುತ್ತದೆ. ಹುಡುಕುವುದು ಸುಲಭ. ನಿಯಮದ ಪ್ರಕಾರ 6 ಅಡಿ ಎತ್ತರದಿಂದ ಬಿಟ್ಟ ಚೆಂಡಿನ ಮೇಲ್ತುದಿ 49ರಿಂದ 54 ಇಂಚಿನವರೆಗೆ ಪುಟಿಯಬೇಕು. ಅಷ್ಟು ಗಾಳಿ ತುಂಬಿದ ಚೆಂಡನ್ನು ಹಿಡಿದು ಅಡಿಗೊಂದು ಸಲ ಪುಟಿಸುತ್ತಾ ಕೋರ್ಟಿನ ಉದ್ದಕ್ಕೂ ನಡೆಯಿರಿ. ಕೈಗಿಂತ ಮೊದಲು ಕಿವಿಗೇ ಗೊತ್ತಾಗುತ್ತದೆ. ಕರಣೆ ಕಿತ್ತುಹೋದ ಮದ್ದಳೆ ಬಡಿದಂತೆ ಮಂಕು ಸದ್ದು ಬಂದ ಕಡೆ ಒಂದು ಚೂರು ಟೇಪ್ ಅಂಟಿಸಿ, ಆಟಕ್ಕೆ ಮುಂಚೆ ಮರೆಯದೆ ಕಿತ್ತುಬಿಡಿ. ವಾರಗಟ್ಟಲೆ ಉಳಿದ ಟೇಪು ಕೀಳುವಾಗ ಮೇಲಿನ ಪಾಲಿಷನ್ನೂ ಎಬ್ಬಿಸಿಕೊಂಡು ಬರುತ್ತದೆ.

ಕೋರ್ಟು 84 ಅಡಿ ಉದ್ದ, 50 ಅಡಿ ಅಗಲ. ಕಾಲೇಜು ಕೋರ್ಟಿಗಿಂತ 10 ಅಡಿ ಗಿಡ್ಡ. ನಮ್ಮೂರಿನ ಶಾಲೆಗಳಲ್ಲಿ 28 ಮೀಟರಿನ ಸಿಮೆಂಟು ಕೋರ್ಟಿನ ಮೇಲೆ ಆಡಿ ಬಂದ ಮಕ್ಕಳು ಇಲ್ಲಿ ಮೊದಮೊದಲು ಆ ತುದಿಗೆ ಎರಡು ಹೆಜ್ಜೆ ಬೇಗ ತಲುಪಿ ಗೆರೆ ದಾಟಿಬಿಡುತ್ತಾರೆ. ಮೂರು ಪಾಯಿಂಟಿನ ಗೆರೆಯೂ ಹತ್ತಿರ, 19 ಅಡಿ 9 ಇಂಚು. ಆಟ 8 ನಿಮಿಷದ ನಾಲ್ಕು ಕ್ವಾರ್ಟರ್. ಇಷ್ಟು ಸೆಕೆಂಡಿನೊಳಗೆ ಚೆಂಡು ರಿಂಗಿಗೆ ಎಸೆಯಲೇಬೇಕು ಎನ್ನುವ ಶಾಟ್ ಕ್ಲಾಕ್ ಇಲ್ಲ, ಆದ್ದರಿಂದ ಮುಂದಿರುವ ತಂಡ ಕೊನೆಯಲ್ಲಿ ಚೆಂಡು ಹಿಡಿದು ನಿಂತರೆ ಬೇಸರಪಟ್ಟುಕೊಳ್ಳಬೇಡಿ. 1954ರ ರಾಜ್ಯ ಫೈನಲ್‌ನಲ್ಲಿ ಮೈಲನ್ ಶಾಲೆಯ ಬಾಬಿ ಪ್ಲಂಪ್ ಮುಂದಿರಲೂ ಇಲ್ಲ, ಎರಡು ಪಾಯಿಂಟು ಹಿಂದಿದ್ದೂ ನಾಲ್ಕು ನಿಮಿಷಕ್ಕೂ ಹೆಚ್ಚು ಕಾಲ ಚೆಂಡು ಹಿಡಿದು ನಿಂತುಬಿಟ್ಟಿದ್ದ. ಕೊನೆಗೆ ಅವನದೇ ಶಾಟ್‌ನಿಂದ 161 ಮಕ್ಕಳ ಆ ಶಾಲೆ ಮನ್ಸಿ ಸೆಂಟ್ರಲ್ ತಂಡವನ್ನು 32-30ರಲ್ಲಿ ಸೋಲಿಸಿತು.

ಇನ್ನು ಜಾರುವ ವಿಚಾರ. ಆಟಗಾರ ಮತ್ತೆ ಮತ್ತೆ ಅಂಗೈಯಿಂದ ಶೂ ತಳ ಒರೆಸಿಕೊಳ್ಳುತ್ತಿದ್ದರೆ ನೆಲದಲ್ಲಿ ಧೂಳಿದೆ ಎಂದರ್ಥ. ಹಿಮ ಕರಗಿಸಲು ಪಾರ್ಕಿಂಗಿಗೆ ಎರಚುವ ಉಪ್ಪು ಜನರ ಬೂಟಿನಲ್ಲಿ ಅಂಟಿಕೊಂಡು ಒಳಗೆ ಬರುತ್ತದೆ. ಒಣಗಿದ ಮೇಲೆ ಅದು ಸಣ್ಣ ಮರಳುಕಾಗದದ ಕೆಲಸವನ್ನೇ ಮಾಡುತ್ತದೆ. ಬಾಗಿಲಿನಿಂದ ಒಳಕ್ಕೆ ಹತ್ತು ಹೆಜ್ಜೆಯಷ್ಟಾದರೂ ಕಾಲೊರೆಸುವ ಚಾಪೆ ಇರಬೇಕು. ಜೂನಿಯರ್ ತಂಡದ ಆಟ ಮುಗಿದು ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ತಂಡದ ಆಟ, ಶುರುವಾಗುವ ಮುನ್ನ ಅಗಲ ಮಾಪಿನಿಂದ ಒಂದೇ ದಿಕ್ಕಿಗೆ, ಮಾಪನ್ನು ನೆಲದಿಂದ ಎತ್ತದೆ, ಗುಡಿಸಿ ಮುಗಿಸಬೇಕು. ನಡುವೆ ಎತ್ತಿ ಕೊಡವಿದರೆ ಗುಡಿಸಿದ್ದೆಲ್ಲ ಅಲ್ಲೇ ಬೀಳುತ್ತದೆ. ಬಕೆಟ್ಟಿನಲ್ಲಿ ನೀರು ತಂದು ಒರೆಸುವುದಂತೂ ಬೇಡವೇ ಬೇಡ. ಬೆವರು ಬಿದ್ದ ಕಡೆ ಒಣ ಟವೆಲು ಸಾಕು.

ರಿಂಗಿನ ಎತ್ತರ 10 ಅಡಿ, ಊರಲ್ಲೂ ಇಲ್ಲೂ ಅಷ್ಟೇ. ಆದರೆ ಇಲ್ಲಿ ಬೋರ್ಡುಗಳು ಚಾವಣಿಯಿಂದ ತೂಗುತ್ತವೆ, ಬೇಡವಾದಾಗ ವಿಂಚಿನಿಂದ ಮಡಚಿ ಮೇಲಕ್ಕೆಳೆಯುತ್ತಾರೆ. ಕೇಬಲ್ಲು ವರ್ಷ ಕಳೆದಂತೆ ತುಸು ಜಗ್ಗುವುದರಿಂದ ಎರಡು ತುದಿಯ ರಿಂಗುಗಳಲ್ಲಿ ಒಂದಿಂಚಿನ ವ್ಯತ್ಯಾಸ ಬಂದರೂ ಬರಿಗಣ್ಣಿಗೆ ಕಾಣುವುದಿಲ್ಲ. ಸೀಸನ್ ಶುರುವಿನಲ್ಲಿ ಗುರುತು ಹಾಕಿದ ಕೋಲು ನಿಲ್ಲಿಸಿ ಅಳೆಯುವುದು ಎರಡು ನಿಮಿಷದ ಕೆಲಸ.

ಇಲ್ಲಿನ ಜಿಮ್‌ಗಳ ಹೆಸರುವಾಸಿ ಇರುವುದು ಮಾತ್ರ ನೆಲದಲ್ಲಲ್ಲ, ಸೀಟಿನ ಲೆಕ್ಕದಲ್ಲಿ. 1959ರಲ್ಲಿ ತೆರೆದ ನ್ಯೂ ಕ್ಯಾಸಲ್ ಫೀಲ್ಡ್‌ಹೌಸ್ ದಶಕಗಳ ಕಾಲ 9,325 ಸೀಟು ಎಂದು ಹೇಳಿಕೊಂಡು ಬಂದಿದೆ. ಬಾಗಿಲಿನಿಂದ ಒಳಹೊಕ್ಕರೆ ನೀವು ಮೇಲಿನ ಸಾಲಿನಲ್ಲಿರುತ್ತೀರಿ, ಕೋರ್ಟು ಕೆಳಗೆ ಬಾವಿಯ ತಳದಲ್ಲಿ ಹೊಳೆಯುತ್ತಿರುತ್ತದೆ. ಮುಂದೆ ಕಾಲೇಜು ಆಟದಲ್ಲಿ ಹೆಸರು ಮಾಡಿದ ಸ್ಟೀವ್ ಆಲ್ಫರ್ಡ್ ಶಾಲಾ ತಂಡಕ್ಕೆ ಆಡಿದ್ದು ಇಲ್ಲೇ, ಕೋಚ್ ಅವರ ತಂದೆಯೇ. ಈ ಊರಿನ ಕೊಲಂಬಸ್ ನಾರ್ತ್ ಶಾಲೆಯ ಜಿಮ್ಮಿನಲ್ಲೂ 7,000 ಜನ ಹಿಡಿಸುತ್ತಾರೆ. ಬೆಂಚಿನಲ್ಲಿ ಸೀಟು ಎಣಿಸುವುದು ಅಳತೆಪಟ್ಟಿಯಿಂದ, ತಲೆಗೆ 18 ಇಂಚು. 30 ಅಡಿ ಬೆಂಚಿಗೆ 20 ಜನ. ದಪ್ಪ ಜಾಕೆಟ್ ತೊಟ್ಟ 20 ಜನ ಅಲ್ಲಿ ಕೂರಲಿ ನೋಡೋಣ! ಹಳೆಯ ಅಂಕಿಗಳನ್ನು ಓದುವಾಗ ಇದು ನೆನಪಿರಲಿ.

ಇಷ್ಟು ದೊಡ್ಡದಾಗಿ ಯಾಕೆ ಕಟ್ಟಿದರು ಎಂದರೆ ಸೆಕ್ಷನಲ್‌ಗಾಗಿ. 1997ರವರೆಗೆ ರಾಜ್ಯದ ಎಲ್ಲ ಶಾಲೆಗಳಿಗೂ ಒಂದೇ ಟೂರ್ನಿ, ಅದರ ಮೊದಲ ಸುತ್ತು ಸೆಕ್ಷನಲ್. ಸುತ್ತಲಿನ ಶಾಲೆಗಳಲ್ಲಿ ಯಾರ ಜಿಮ್ಮು ದೊಡ್ಡದೋ ಆಟ ಅವರಲ್ಲಿ. ತವರು ಕೋರ್ಟಿನ ಅನುಕೂಲ, ಟಿಕೆಟ್ ಹಣದ ಪಾಲು, ಪಕ್ಕದೂರಿನ ಮೇಲೆ ಮೀಸೆ ತಿರುವುವ ಅವಕಾಶ, ಮೂರೂ ಒಟ್ಟಿಗೆ. ಜಾತ್ರೆಗೆ ತೇರು ಕಟ್ಟುವಾಗ ಪಕ್ಕದೂರಿನ ತೇರಿಗಿಂತ ಒಂದು ಅಂಕಣ ಎತ್ತರ ಇರಲಿ ಎನ್ನುವ ಹಟವೇ. ಆಂಡರ್ಸನ್ ಶಾಲೆಯ ಜಿಮ್ಮು ವಿಗ್‌ವಾಮ್ ಸುಟ್ಟುಹೋದ ಮೇಲೆ 1961ರಲ್ಲಿ ಸುಮಾರು 9,000 ಸೀಟಿನದನ್ನು ಮತ್ತೆ ಕಟ್ಟಿದರು. 1998ರಿಂದ ಟೂರ್ನಿ ನಾಲ್ಕು ವರ್ಗವಾಗಿ ಒಡೆಯಿತು, ಕಾರ್ಖಾನೆಗಳು ಮುಚ್ಚಿದ ಊರಲ್ಲಿ ಮಕ್ಕಳ ಸಂಖ್ಯೆಯೂ ಇಳಿಯಿತು. ಕಾಲು ಭಾಗ ತುಂಬಿದರೂ ಹೀಟರಿಗೆ ಪೂರ್ತಿ ಕಟ್ಟಡವೇ. 2011ರಲ್ಲಿ ವಿಗ್‌ವಾಮ್ ಬಾಗಿಲು ಹಾಕಿತು.

ಸೀಟಿನ ಜಂಬದ ಮಾತು ಬಂದಾಗಲೆಲ್ಲ ಇಂಡಿಯಾನಾಪೊಲಿಸ್‌ನ ಕ್ರಿಸ್ಪಸ್ ಅಟಕ್ಸ್ ಶಾಲೆಯನ್ನೂ ಹೇಳಬೇಕು. ಕಪ್ಪು ಮಕ್ಕಳಿಗೆಂದೇ 1927ರಲ್ಲಿ ತೆರೆದ ಶಾಲೆ ಅದು. ಪಂದ್ಯ ಆಡಿಸುವಷ್ಟು ಜಿಮ್ಮು ಅದಕ್ಕಿರಲಿಲ್ಲ, ತಮ್ಮ ತವರು ಪಂದ್ಯಗಳನ್ನೂ ಬೇರೆಯವರ ಕೋರ್ಟಿನಲ್ಲಿ ಆಡಬೇಕಿತ್ತು. ಮುಂದೆ ವೃತ್ತಿಪರ ಆಟದ ದೊಡ್ಡ ಹೆಸರಾದ ಆಸ್ಕರ್ ರಾಬರ್ಟ್‌ಸನ್ ಇದ್ದ ತಂಡ 1955ರಲ್ಲಿ ರಾಜ್ಯ ಗೆದ್ದಿತು, 1956ರಲ್ಲಿ ಒಂದೂ ಸೋಲದೆ ಮತ್ತೆ ಗೆದ್ದಿತು. ಎರಡೂ ಫೈನಲ್ ನಡೆದದ್ದು ಬಟ್ಲರ್ ವಿಶ್ವವಿದ್ಯಾಲಯದ ಫೀಲ್ಡ್‌ಹೌಸಿನಲ್ಲಿ. ಈಗ ಹಿಂಕಲ್ ಫೀಲ್ಡ್‌ಹೌಸ್ ಎನ್ನುತ್ತಾರೆ. 1928ರ ಕಟ್ಟಡ, ಮೇಲಿನ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಓರೆಯಾಗಿ ಕೋರ್ಟಿನ ಮೇಲೆ ಬೀಳುತ್ತದೆ. ಬಿಸಿಲಿನ ಪಟ್ಟೆ ಬಿದ್ದಲ್ಲಿ ಮೇಪಲ್ ಬೇಗ ಹಳದಿಗೆ ತಿರುಗುತ್ತದೆ. ಕಿಟಕಿಯಿಲ್ಲದ ಹೊಸ ಜಿಮ್‌ಗಳಲ್ಲಿ ಆ ತೊಂದರೆ ಇಲ್ಲ, ಆ ಚಂದವೂ ಇಲ್ಲ.

ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿಯ ಕೆಲಸಕ್ಕೆಂದು ಈ ಊರಿಗೆ ಹೊಸದಾಗಿ ಬಂದ ಮನೆಗಳವರಿಗೆ ಎರಡು ಮಾತು. ಬಿಳಿ ಜರ್ಸಿ ತೊಟ್ಟವರು ತವರಿನವರು. ಯಾರ ಬೆನ್ನ ಮೇಲೂ 6, 7, 8, 9 ಕಾಣಿಸುವುದಿಲ್ಲ: ಫೌಲ್ ಮಾಡಿದವರ ನಂಬರನ್ನು ರೆಫರಿ ಬೆರಳು ಎತ್ತಿ ಮೇಜಿಗೆ ತೋರಿಸುತ್ತಾರೆ, ಒಂದು ಕೈಗೆ ಇರುವುದು ಐದೇ ಬೆರಳು. ಮಗಳು 7 ಬೇಕೆಂದು ಹಟ ಹಿಡಿದರೆ ಕೋಚನ್ನು ಬೈಯಬೇಡಿ. ಹುಡುಗಿಯರ ಚೆಂಡಿನ ಸುತ್ತಳತೆ 28.5 ಇಂಚು, ಹುಡುಗರದು 29.5. ಮನೆ ಅಭ್ಯಾಸಕ್ಕೆ ಕೊಳ್ಳುವಾಗ ಅದನ್ನೇ ಕೇಳಿ.

ಇನ್ನು ಆರು ವಾರಕ್ಕೆ ಹುಡುಗರ ಸೆಕ್ಷನಲ್. ಅಷ್ಟರಲ್ಲಿ ತೇವಾಂಶದ ಮೀಟರು 30ರ ಕೆಳಗೆ ಇಳಿದರೆ ಹೀಟರಿನ ಉರಿ ಎರಡು ಡಿಗ್ರಿ ತಗ್ಗಿಸಿ, ಸಂದು ಮುಟ್ಟಬೇಡಿ. ಮರಳುಕಾಗದ ಹಚ್ಚಿ ಹೊಸ ಪಾಲಿಷ್ ಬಳಿಯುವುದೇನಿದ್ದರೂ ಜೂನ್‌ನಲ್ಲಿ, ಶಾಲೆ ಖಾಲಿಯಾದ ಮೇಲೆ. ಆಗಲೂ ಡಬ್ಬಿಯ ಮೇಲೆ ಬರೆದಷ್ಟು ದಿನ ಬಾಗಿಲಿಗೆ ಬೀಗ.