ಸುರಂಗದ ಬರಹದಲ್ಲಿ ರಾಜನ ಹೆಸರಿಲ್ಲ

ಇವತ್ತು ಮಕ್ಕಳಿಗೆ ಮನೆಪಾಠದಲ್ಲಿ ಯೆರೂಸಲೇಮಿನಲ್ಲಿರುವ, ಯೆಹೂದದ ರಾಜ ಹಿಜ್ಕೀಯನ ಸುರಂಗ.

ಮೊದಲು ಬೈಬಲ್ ತೆಗೆದು ಎರಡನೆಯ ಅರಸುಗಳು 20:20 ಓದಿದೆವು. ಹಿಜ್ಕೀಯ ಕೊಳ ಕಟ್ಟಿಸಿದ, ಕಾಲುವೆ ಮಾಡಿಸಿದ, ಊರೊಳಗೆ ನೀರು ತಂದ. ಅಷ್ಟೇ.

ಆಮೇಲೆ 1880ರಲ್ಲಿ ಆ ಸುರಂಗದ ಗೋಡೆಯಲ್ಲಿ ಸಿಕ್ಕ ಬರಹದ ಫೋಟೋ ತೋರಿಸಿದೆ. ಕಲ್ಲು ಈಗ ಇಸ್ತಾಂಬುಲ್ ಮ್ಯೂಸಿಯಂನಲ್ಲಿದೆ. ಬರಹದಲ್ಲಿರುವ ಕಥೆ ಇದು: ಎರಡು ಗುಂಪು, ಎರಡು ಕಡೆಯಿಂದ ಬಂಡೆ ಕೊರೆಯುತ್ತಾ ಬರುತ್ತವೆ. ಇನ್ನು ಮೂರು ಮೊಳ ಬಾಕಿ ಇದೆ ಅನ್ನುವಾಗ ಆ ಕಡೆಯವನ ಕೂಗು ಈ ಕಡೆಯವನಿಗೆ ಕೇಳಿಸುತ್ತದೆ. ಕೊನೆಗೆ ಪಿಕಾಸಿಗೆ ಪಿಕಾಸಿ ಎದುರಾಗುತ್ತದೆ, ನೀರು ಹರಿಯುತ್ತದೆ. 500 ಮೀಟರಿಗೂ ಜಾಸ್ತಿ ಉದ್ದದ ಸುರಂಗ. ಅದೂ ನೇರ ಅಲ್ಲ, ಹಾವಿನ ಥರ ಸೊಟ್ಟ.

ಮಗಳು ಕೇಳಿದಳು, "ಅಮ್ಮಾ, ಇದರಲ್ಲಿ ಹಿಜ್ಕೀಯನ ಹೆಸರು ಎಲ್ಲಿದೆ?"

ಇಲ್ಲ. ರಾಜನದೂ ಇಲ್ಲ, ದೇವರದೂ ಇಲ್ಲ. ಬರೀ ಕೆಲಸದವರ ಕಥೆ.

"ನೋಡಿದ್ರಾ, ಬೈಬಲ್ ಸಾಬೀತಾಯ್ತು" ಅಂತ ಪಾಠ ಮುಗಿಸಬಹುದಿತ್ತು. ಅಂಥ ಪಾಠ ನನಗೆ ಇಷ್ಟವಿಲ್ಲ. ಅಕ್ಷರದ ಶೈಲಿ ನೋಡಿ ಹೆಚ್ಚಿನ ವಿದ್ವಾಂಸರು ಇದು ಹಿಜ್ಕೀಯನ ಕಾಲದ್ದೇ ಅನ್ನುತ್ತಾರೆ. ಅಷ್ಟನ್ನು ಹೇಳಿ ಸುಮ್ಮನಾದೆ. ಕಲ್ಲು ಹೇಳದೇ ಇರುವುದನ್ನು ನಾವು ಅದರ ಬಾಯಿಗೆ ತುರುಕಿದರೆ ಅದೂ ಸುಳ್ಳು ಸಾಕ್ಷಿಯೇ ಅಲ್ವಾ? ಸುಳ್ಳು ಸಾಕ್ಷಿ ಹೇಳಬಾರದು ಅನ್ನುವುದೂ ಸೇರಿ ಬೈಬಲಿನ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದವಳೂ ನಾನೇ!

ಮಗನಿಗೆ ಇದ್ಯಾವುದೂ ಬೇಡ. ಆ ಮನುಷ್ಯ ಏನಂತ ಕೂಗಿರಬಹುದು ಅನ್ನುವುದೇ ಅವನ ಚಿಂತೆ. "ಎಡಕ್ಕೆ ಬಾರೋ, ಎಡಕ್ಕೆ!" ಅಂತಿರಬೇಕಂತೆ.

ಮುಂದಿನ ವಾರ ಯೆಹೂದದ ಇನ್ನೊಂದು ಪಟ್ಟಣ, ಲಾಕೀಷ್. ಅದನ್ನು ಗೆದ್ದ ಅಶ್ಶೂರದ ರಾಜ ಸನ್ಹೇರೀಬನ ಅರಮನೆಯ ಕೆತ್ತನೆಗಳು ಸ್ವಲ್ಪ ಭಯಂಕರ. ಮಕ್ಕಳಿಗೆ ಯಾವುದನ್ನು ತೋರಿಸಬಹುದು ಅಂತ ಮೊದಲು ನಾನು ನೋಡಿಕೊಳ್ಳಬೇಕು.