ಬುಕ್ ಆಗಿದ್ದ ಖಾಲಿ ಟೇಬಲ್‌ಗಳು

8 ನವೆಂಬರ್ 2025, ಶನಿವಾರ, ರಾತ್ರಿ 11.50

ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಅಜ್ಜಿಯೇ ಕಾಣುತ್ತಾರೆ.

ಎಂಟು ಗಂಟೆಗೆ ನಮ್ಮ ರೆಸ್ಟೋರೆಂಟಿಗೆ ಬಂದಿದ್ದರು. ಜೊತೆಗೆ ಮಗ, ಸೊಸೆ, ಒಂದು ಪುಟ್ಟ ಮಗು. ಬುಕ್ ಮಾಡಿರಲಿಲ್ಲ. ಕಿಟಕಿ ಪಕ್ಕದ ನಾಲ್ಕೂ ಟೇಬಲ್ ಅವರ ಕಣ್ಣೆದುರೇ ಖಾಲಿ ಇದ್ದವು. "ಅಲ್ಲಿ ಯಾರೂ ಇಲ್ವಲ್ಲಮ್ಮ?" ಅಂದರು ಅಜ್ಜಿ. "ಬುಕ್ ಆಗಿದೆ ಅಜ್ಜಿ, ಇನ್ನೇನು ಬರ್ತಾರೆ" ಅಂದೆ. ಬಾಗಿಲ ಹತ್ತಿರದ ಸ್ಟೂಲ್ ಮೇಲೆ ಇಪ್ಪತ್ತು ನಿಮಿಷ ಕೂತರು. ಮಗು ಹಸಿದು ಅಳೋಕೆ ಶುರು ಮಾಡಿತು. ಎದ್ದು ಹೋದರು. ಹೋಗುವಾಗ "ಪರವಾಗಿಲ್ಲ ಬಿಡಮ್ಮ" ಅಂತ ನನ್ನ ಕೈ ತಟ್ಟಿದರು.

ಬುಕ್ ಮಾಡಿದವರು ಬರಲೇ ಇಲ್ಲ. ಒಂಬತ್ತೂವರೆಗೆ ಪಟ್ಟಿ ತೆಗೆದು ನೋಡಿದೆ. ನಾಲ್ಕು ಹೆಸರು, ನಾಲ್ಕು ನಂಬರ್. ನಾಲ್ಕೂ ಬುಕಿಂಗ್ ಮಂಗಳವಾರ ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ ಆಗಿವೆ. ಒಂದೊಂದರಲ್ಲೂ ನಾಲ್ಕು ಜನ. ನಂಬರ್‌ಗಳಲ್ಲಿ ಕೊನೇ ಅಂಕಿ ಮಾತ್ರ ಬೇರೆ. ಫೋನ್ ಮಾಡಿದರೆ ಒಂದೂ ಚಾಲ್ತಿಯಲ್ಲಿಲ್ಲ. ಮಂಗಳವಾರವೇ ಪಟ್ಟಿ ಮೇಲೆ ಒಮ್ಮೆ ಕಣ್ಣಾಡಿಸಿದ್ದರೆ ಗೊತ್ತಾಗುತ್ತಿತ್ತು. ಆ ಕೆಲಸ ನನ್ನದೇ ಆಗಿತ್ತು.

ಹದಿನಾರು ಕುರ್ಚಿ. ಶನಿವಾರ ರಾತ್ರಿ. ಮಡಿಸಿಟ್ಟ ನ್ಯಾಪ್ಕಿನ್‌ಗಳನ್ನ ಹಾಗೇ ವಾಪಸ್ ಎತ್ತಿಡುವಾಗ ಅತ್ತಿಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬಾಗಿಲು ಹಾಕಿದ ಮೇಲೆ ಅಣ್ಣನ ಹತ್ತಿರ ಕೂತೆ. ಇನ್ನು ಮುಂದೆ ಅಡ್ವಾನ್ಸ್ ಇಲ್ಲದೆ ಬುಕಿಂಗ್ ಬೇಡ ಅಂದೆ. ಶಿಕಾಗೋದಲ್ಲಿ ನೆಕ್ಸ್ಟ್ ಅನ್ನೋ ರೆಸ್ಟೋರೆಂಟ್ 2011ರಲ್ಲಿ ಶುರುವಾದಾಗಲೇ ನಾಟಕದ ಟಿಕೆಟ್ ಮಾರೋ ಹಾಗೆ ಊಟದ ಟಿಕೆಟ್ ಮಾರಿತ್ತು, ಮೊದಲೇ ದುಡ್ಡು ಕೊಟ್ಟವರು ಯಾಕೆ ತಪ್ಪಿಸ್ತಾರೆ, ಅಂದೆ.

ಅಣ್ಣ ಸ್ವಲ್ಪ ಹೊತ್ತು ಸುಮ್ನೆ ಇದ್ದ. "ಅವರ ಮುಂದೆ ಜನ ಕ್ಯೂ ನಿಲ್ತಾರೆ. ನಮ್ಮಲ್ಲಿಗೆ ಫೋನ್ ಮಾಡೋರು ಪರಿಚಯದವರು. ದುಡ್ಡು ಕಟ್ಟಿ ಆಮೇಲೆ ಬನ್ನಿ ಅಂದ್ರೆ ಅವರನ್ನ ಕಳ್ಳರು ಅಂದ ಹಾಗೆ ಆಗಲ್ವಾ?"

"ಹಾಗಾದ್ರೆ ಇವತ್ತು ಬಂದ ಅಜ್ಜಿಗೆ ಏನು ಹೇಳ್ತೀಯ?"

ಅವನು ಉತ್ತರ ಕೊಡಲಿಲ್ಲ. ನಾನು ಹಾಗೆ ಕೇಳಬಾರದಿತ್ತು. ಬೆಳಗ್ಗೆ ಆರರಿಂದ ನಿಂತೇ ಇದ್ದಾನೆ.

ಆದರೆ ಇದು ನಮ್ಮೊಬ್ಬರ ಕಷ್ಟ ಅಲ್ಲ. ನ್ಯೂಯಾರ್ಕಿನಲ್ಲಿ ಹೆಸರಾದ ಕಡೆಯ ಟೇಬಲ್‌ಗಳನ್ನ ಬಾಟ್‌ಗಳು, ಅಂದರೆ ತಾವೇ ಬುಕ್ ಮಾಡೋ ಕಂಪ್ಯೂಟರ್ ಪ್ರೋಗ್ರಾಂಗಳು, ಬುಕಿಂಗ್ ತೆರೆದ ಕ್ಷಣವೇ ಬಾಚಿಕೊಳ್ಳುತ್ತಿದ್ದವು, ಆಮೇಲೆ ಅವನ್ನ ಬ್ಲ್ಯಾಕ್‌ನಲ್ಲಿ ಮಾರುತ್ತಿದ್ದರು. ಮಾರಾಟವಾಗದ ಟೇಬಲ್ ಖಾಲಿ ಉಳಿದರೆ ನಷ್ಟ ರೆಸ್ಟೋರೆಂಟಿನದು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಇದಕ್ಕೇ ಕಾನೂನು ತಂದರು. ರೆಸ್ಟೋರೆಂಟಿನ ಜೊತೆ ಲಿಖಿತ ಒಪ್ಪಂದ ಇಲ್ಲದೆ ಅದರ ಟೇಬಲ್ ಮಾರುವ ವೆಬ್‌ಸೈಟ್‌ಗೆ ದಿನಕ್ಕೆ 1,000 ಡಾಲರ್‌ವರೆಗೂ ದಂಡ. ದಕ್ಷಿಣ ಕೊರಿಯಾದ ಕಥೆ ಇನ್ನೂ ಕೆಟ್ಟದ್ದು. 2025ರಲ್ಲಿ ಅಲ್ಲಿ ಸೈನ್ಯದವರು ಅಂತ ಹೇಳಿಕೊಂಡು ದೊಡ್ಡ ಗುಂಪಿಗೆ ಬುಕ್ ಮಾಡೋರು. ಆಮೇಲೆ ಇಂಥ ಸಾಮಾನನ್ನ ಇಂಥವರ ಹತ್ತಿರ ನೀವೇ ತರಿಸಿಡಿ, ಬಂದಾಗ ಎಲ್ಲ ಸೇರಿಸಿ ಕೊಡ್ತೀವಿ ಅನ್ನೋರು. ಆ 'ಇಂಥವರು' ಕೂಡ ಅದೇ ಕಳ್ಳರ ಗುಂಪು. ದುಡ್ಡು ಕಳಿಸಿದ ಮೇಲೆ ಇಬ್ಬರೂ ಮಾಯ. ದೊಡ್ಡ ಬುಕಿಂಗ್ ಸಿಕ್ಕಿತು ಅನ್ನೋ ಖುಷಿಯಲ್ಲೇ ಮನುಷ್ಯ ಮೋಸ ಹೋಗ್ತಾನೆ. ಅಣ್ಣನೂ ಹೋಗ್ತಿದ್ದ, ನನಗೆ ಗೊತ್ತು. ಅದಕ್ಕೇ ಭಯ.

ಕೊನೆಗೆ ಇಷ್ಟಕ್ಕೆ ಒಪ್ಪಿದ. ಆರು ಜನಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಅಡ್ವಾನ್ಸ್, ಅದನ್ನೂ ಬಿಲ್ಲಿನಲ್ಲಿ ಕಳೆಯೋದು. ಆನ್‌ಲೈನ್ ಬುಕಿಂಗ್‌ಗೆ ಒಟಿಪಿ ಕಡ್ಡಾಯ, ಒಂದು ನಂಬರ್‌ಗೆ ಒಂದೇ ಟೇಬಲ್. ಹಿಂದಿನ ದಿನ ನಾವೇ ಫೋನ್ ಮಾಡಿ ಕೇಳೋದು. ಹದಿನೈದು ನಿಮಿಷ ಕಾದು, ಒಂದು ಸಲ ಫೋನ್ ಮಾಡಿ, ಟೇಬಲ್ ಬಿಟ್ಟುಕೊಡೋದು. ನಮ್ಮ ಖರ್ಚಿನಲ್ಲಿ ಯಾರಿಗೂ ಏನೂ ತರಿಸಿಕೊಡೋದಿಲ್ಲ, ಯಾವ ಸಾಹೇಬರೇ ಆಗಲಿ. ಇದನ್ನ ಮೂರು ಸಲ ಹೇಳಿಸಿದೆ.

ನಮ್ಮ ಹುಡುಗರಿಗೆ ಇದನ್ನೆಲ್ಲ ಬೆಳಗ್ಗೆ ಹೇಳಬೇಕು. ಫೋನ್ ಎತ್ತೋರು ಅವರೇ. ಕೇಳುವಾಗ ದನಿ ಗಡುಸಾಗಬಾರದು, ಅದೊಂದು ಮುಖ್ಯ. "ನಿಮಗೋಸ್ಕರ ಟೇಬಲ್ ಇಟ್ಟಿದ್ದೀವಿ, ಬರ್ತೀರಲ್ವಾ?" ಅಂದರೆ ಯಾರಿಗೂ ಬೇಜಾರಾಗಲ್ಲ. ನಿಜವಾದವರು ಸಂತೋಷದಿಂದಲೇ ಹೇಳ್ತಾರೆ.

ನಾಳೆ ಮಧ್ಯಾಹ್ನದ ಪಟ್ಟಿ ಹಿಡಿದು ಹತ್ತು ಗಂಟೆಗೆ ನಾನೇ ಶುರು ಮಾಡಿದೆ. ಏಳು ಬುಕಿಂಗ್, ಆರು ಜನ ಎತ್ತಿದರು. ಒಬ್ಬರು ಬರಲ್ಲ ಅಂದರು, ಹೇಳೋಕೆ ಮರೆತಿದ್ದರಂತೆ, ಪಾಪ ತುಂಬಾ ಕ್ಷಮೆ ಕೇಳಿದರು. ಏಳನೇ ನಂಬರ್ ರಿಂಗ್ ಆಗುತ್ತೆ, ಎತ್ತಲ್ಲ. ಬುಕ್ ಮಾಡಿದ್ದು ಐದು ಜನಕ್ಕೆ, 'ಒಂದು ಕುರ್ಚಿ ವಯಸ್ಸಾದವರಿಗೆ, ಒರಗೋಕೆ ಆಗುವಂಥದ್ದು' ಅಂತ ಬರೆದಿದ್ದಾರೆ. ಕಳ್ಳರು ಹೀಗೆ ಬರೆಯುತ್ತಾರಾ? ಮಲಗಿರಬೇಕು. ಬೆಳಗ್ಗೆ ಎಂಟಕ್ಕೆ ಇನ್ನೊಮ್ಮೆ ಮಾಡ್ತೀನಿ. ಆಗಲೂ ಎತ್ತದಿದ್ದರೆ ಆ ಟೇಬಲ್...