ಆರ್ನೋ ನದಿಯ ಮೇಲೊಂದು ಅಂಗಡಿಬೀದಿ

ಇಟಲಿಯ ಫ್ಲಾರೆನ್ಸ್ ನಗರದ ಪೋಂಟೆ ವೆಕ್ಕಿಯೊ, ಅಂದರೆ ಹಳೆಯ ಸೇತುವೆ, ಅದರ ಮೇಲೆ ನಡೆಯುವವರಿಗೆ ಸೇತುವೆಯೆಂದೇ ತೋರುವುದಿಲ್ಲ. ಎರಡೂ ಬದಿಗೆ ಒತ್ತೊತ್ತಾಗಿ ನಿಂತ ಒಡವೆ ಅಂಗಡಿಗಳ ನಡುವೆ ಸಾಗಿದ ನನಗೆ ಕಾಲಡಿಯಲ್ಲಿ ಹೊಳೆ ಹರಿಯುತ್ತಿದೆಯೆಂಬುದು ಅರಿವಾದದ್ದು, ನಟ್ಟನಡುವೆ ಅಂಗಡಿಸಾಲು ಮುರಿದು ಬಯಲಾಗುವ ಕಡೆ ಆರ್ನೋ ನದಿ ಕಣ್ಣಿಗೆ ಬಿದ್ದಾಗಲೇ.

ನದಿಯ ಪಾತ್ರ ಇಲ್ಲಿ ಕಿರಿದಾದ್ದರಿಂದ ಹಿಂದಿನಿಂದಲೂ ಸೇತುವೆಗಳು ಏಳುತ್ತಿದ್ದವು, ನೆರೆಗೆ ಕೊಚ್ಚಿಹೋಗುತ್ತಿದ್ದವು. 1333ರ ನವೆಂಬರ್ 4ರ ಮಹಾಪೂರ ಆಗಿನ ಸೇತುವೆಯನ್ನು ಕೆಡವಿತು. ಈಗಿನದು ಪೂರ್ಣಗೊಂಡದ್ದು 1345ರಲ್ಲಿ. ಇದನ್ನು ಕಟ್ಟಿದವನು ಚಿತ್ರಕಾರ ತದ್ದೆಯೊ ಗಡ್ಡಿ ಎಂದು ಹದಿನಾರನೆಯ ಶತಮಾನದ ಚಿತ್ರಕಾರ, ವಾಸ್ತುಶಿಲ್ಪಿ ವಸಾರಿ ಬರೆದಿದ್ದಾನೆ. ಅವನಲ್ಲ, ಕಟ್ಟಿದವನು ನೇರಿ ದಿ ಫಿಯೊರವಾಂತೆ ಎಂದು ಹೇಳುವ ವಿದ್ವಾಂಸರೂ ಇದ್ದಾರೆ. ಯಾರೇ ಆಗಿರಲಿ, ಅವನ ಜಾಣ್ಮೆ ತಿಳಿಯಬೇಕಾದರೆ ಸೇತುವೆಯಿಂದಿಳಿದು ದಡದ ಮೇಲೆ ನಿಂತು ನೋಡಬೇಕು. ರೋಮನ್ನರ ಅರ್ಧವೃತ್ತದ ಕಮಾನುಗಳನ್ನು ಕೈಬಿಟ್ಟು, ಎಳೆದ ಬಿಲ್ಲಿನಂತೆ ತಗ್ಗಾಗಿ ಬಾಗಿದ ಮೂರೇ ಕಮಾನುಗಳಲ್ಲಿ ಅವನು ಹೊಳೆ ದಾಟಿಸಿದ್ದಾನೆ. ನಡುವಿನದರ ಅಗಲ ಸುಮಾರು 30 ಮೀಟರ್. ನೀರಿನಲ್ಲಿ ಎರಡೇ ಕಂಬಗಳಿರುವುದರಿಂದ ಪ್ರವಾಹಕ್ಕೆ ಅಡ್ಡಿ ಕಡಿಮೆಯಾಯಿತು, ಮೇಲಿನ ದಾರಿಯೂ ಹೆಚ್ಚು ಏರಿಳಿಯದೆ ಅಂಗಡಿಗಳಿಗೆ ಅನುಕೂಲವಾಯಿತು.

1442ರಿಂದ ಇಲ್ಲಿ ಕಟುಕರ ಅಂಗಡಿಗಳೇ ಸೇರಿದವು. 1565ರಲ್ಲಿ ದೊರೆ ಕೋಸಿಮೊ ತನ್ನ ಮಗನ ಮದುವೆಯ ಹೊತ್ತಿಗೆ, ಹೊಳೆಯಾಚೆಯ ಪಿಟ್ಟಿ ಅರಮನೆಗೆ ಜನರ ಕಣ್ಣಿಗೆ ಬೀಳದೆ ಹೋಗಿಬರಲು, ಅಂಗಡಿಗಳ ನೆತ್ತಿಯ ಮೇಲೆ ಒಂದು ಮುಚ್ಚಿದ ಓಣಿಯನ್ನು ವಸಾರಿಯಿಂದಲೇ ಐದು ತಿಂಗಳಲ್ಲಿ ಕಟ್ಟಿಸಿದ. ಮನ್ನೆಲ್ಲಿ ಮನೆತನದವರು ತಮ್ಮ ಗೋಪುರ ಒಡೆಯಲು ಒಪ್ಪದ್ದರಿಂದ ಆ ಓಣಿ ಇಂದಿಗೂ ಗೋಪುರವನ್ನು ಸುತ್ತಿಕೊಂಡೇ ಹೋಗುತ್ತದೆ. ದೊರೆಯನ್ನೂ ಬಳಸು ದಾರಿ ಹಿಡಿಸಿದ ಆ ಮೂಲೆಯೇ ನನಗೆ ಅತ್ಯಂತ ಪ್ರಿಯವಾಯಿತು. 1593ರಲ್ಲಿ ದೊರೆ ಮೊದಲನೆಯ ಫರ್ಡಿನಾಂಡೊ ಕಟುಕರನ್ನು ತೆರವುಗೊಳಿಸಿ ಅಕ್ಕಸಾಲಿಗರಿಗೆ ಜಾಗ ಕೊಟ್ಟ. ಸಂಜೆ ಅವರ ಅಂಗಡಿಗಳು ಮುಚ್ಚುವಾಗ ನಿಂತು ನೋಡಿದೆ: ಕಬ್ಬಿಣದ ಪಟ್ಟಿ ಬಿಗಿದ ದಪ್ಪ ಮರದ ಬಾಗಿಲುಗಳು ಮುಚ್ಚಿಕೊಂಡು, ಇಡೀ ಸಾಲು ಹಳೆಯ ಪೆಟ್ಟಿಗೆಗಳನ್ನು ಜೋಡಿಸಿಟ್ಟಂತೆ ಕಂಡಿತು.

1944ರ ಆಗಸ್ಟ್‌ನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ನಗರದ ಉಳಿದೆಲ್ಲ ಸೇತುವೆಗಳನ್ನು ಸಿಡಿಸಿತು. ಇದನ್ನು ಬಿಟ್ಟು, ಇದರ ಎರಡೂ ತುದಿಯ ಕಟ್ಟಡಗಳನ್ನು ಉರುಳಿಸಿ ದಾರಿ ಮುಚ್ಚಿತು. 1333ರ ಮಹಾಪೂರದ 633 ವರ್ಷಗಳ ನಂತರ, ಅದೇ ನವೆಂಬರ್ 4ರಂದು, 1966ರಲ್ಲಿ, ಮತ್ತೊಂದು ಮಹಾಪೂರ ಬಂದಿತು. ಕೆಸರುನೀರು ಅಂಗಡಿಗಳ ಗೋಡೆಗಳನ್ನು ಒಡೆದುಕೊಂಡು ನುಗ್ಗಿ ಒಡವೆಗಳನ್ನು ಹೊಳೆಪಾಲು ಮಾಡಿತು. ಮೂರು ಕಮಾನುಗಳು ಮಾತ್ರ ಕದಲಲಿಲ್ಲ.